ಹೊಸ ಮರಿ ಬಂತು, ಹಳೆಯವು ಏನೆನ್ನುತ್ತವೆ?

ಶನಿವಾರದ ಸಂಜೆ. ಜೆ.ಪಿ. ನಗರದ ಒಂದು ಅಡ್ಡರಸ್ತೆಯಲ್ಲಿ ಆಟೋರಿಕ್ಷಾ ಬಂದು ನಿಲ್ಲುತ್ತದೆ. ಇಳಿದ ಹುಡುಗಿಯ ಕೈಯಲ್ಲಿ ರಟ್ಟಿನ ಪೆಟ್ಟಿಗೆ, ಪೆಟ್ಟಿಗೆಯಲ್ಲಿ ಹಳೇ ಟವೆಲ್ಲು, ಟವೆಲ್ಲಿನ ಮಡಿಕೆಯಲ್ಲಿ ಎಂಟು ಒಂಬತ್ತು ವಾರದ ಮರಿ. ಗೇಟಿನ ಕಂಬಿಗಳ ನಡುವೆ ಆಗಲೇ ಮೂರು ಮೂತಿಗಳು ತೂರಿಕೊಂಡಿವೆ. ಒಂದು ಬೊಗಳುತ್ತಿದೆ. ಇನ್ನೊಂದರ ಬಾಲ ನಿಲ್ಲದೆ ಆಡುತ್ತಿದೆ. ಮೂರನೆಯದು, ಹನ್ನೊಂದು ವರ್ಷದ ಹಿರಿಯದು, ಒಮ್ಮೆ ಗಾಳಿಯನ್ನು ಮೂಸಿ ನೋಡಿ, ಹಿಂದಕ್ಕೆ ತಿರುಗಿ, ಒಳಗೆ ಹೋಗಿ ಸೋಫಾದ ಹಿಂದೆ ಮಲಗಿಬಿಡುತ್ತದೆ.

ಮನೆಮಂದಿಗೆಲ್ಲ ಮರಿಯ ಸಂಭ್ರಮ. ಅಕ್ಕಪಕ್ಕದ ಮಕ್ಕಳು ಓಡಿ ಬಂದಿವೆ. ಹೆಸರು ಏನಿಡಬೇಕೆಂಬ ಚರ್ಚೆ ಶುರುವಾಗಿದೆ. ಸೋಫಾದ ಹಿಂದೆ ಮಲಗಿದ್ದನ್ನು ಯಾರೂ ಗಮನಿಸುವುದಿಲ್ಲ. ಮರಿಯ ಮುಂದಿನ ಮೂರು ತಿಂಗಳು ಹೇಗಿರುತ್ತವೆ ಎಂಬುದು ಬಹುಮಟ್ಟಿಗೆ ನಿಂತಿರುವುದು ಮಾತ್ರ ಅದರ ಮೇಲೆಯೇ.

ಜಯನಗರ, ಬನಶಂಕರಿ, ಜೆ.ಪಿ. ನಗರ, ಬಿ.ಟಿ.ಎಂ. ಬಡಾವಣೆಗಳಲ್ಲಿ ಇಂದು ಎರಡು ಮೂರು ನಾಯಿಗಳಿರುವ ಮನೆ ವಿಶೇಷವೇನಲ್ಲ. ಒಂದು ಹಣ ಕೊಟ್ಟು ತಂದ ಜಾತಿ ನಾಯಿ, ಒಂದು ಮಳೆಯಲ್ಲಿ ನೆನೆಯುತ್ತಿದ್ದಾಗ ಎತ್ತಿಕೊಂಡು ಬಂದ ಬೀದಿ ನಾಯಿ, ಇನ್ನೊಂದು ಮನೆ ಬದಲಿಸಿ ಹೋದವರು ಬಿಟ್ಟು ಹೋದದ್ದು. ಸಾಮಾನ್ಯವಾಗಿ ಕಥೆ ಹೀಗೆಯೇ. ನಾಲ್ಕನೆಯದು ಬಂದಾಗ ಆಗುವುದೇನು, ಆಗಬೇಕಾದದ್ದೇನು ಎಂಬುದನ್ನು ಅರಿಯಬೇಕಾದರೆ ನಾಯಿ ಈ ಮನೆಗಳ ಒಳಕ್ಕೆ ಬಂದ ಬಗೆಯನ್ನೂ ಸ್ವಲ್ಪ ನೋಡಬೇಕು.

ಆತಕೂರಿನ ಕಾಳಿ

ಕನ್ನಡ ನಾಡಿನಲ್ಲಿ ನಾಯಿಗೆ ಮರ್ಯಾದೆ ಸಿಕ್ಕಿದ್ದಕ್ಕೆ ಕಲ್ಲಿನ ದಾಖಲೆಯೇ ಇದೆ, ಅದೂ ಸಾವಿರ ವರ್ಷಕ್ಕೂ ಹಿಂದಿನದು. ಮಂಡ್ಯ ಜಿಲ್ಲೆ ಮದ್ದೂರು ತಾಲ್ಲೂಕಿನ ಆತಕೂರಿನಲ್ಲಿ ದೊರೆತ, ಕ್ರಿ.ಶ. 949-50ರ ಶಾಸನ ಈಗ ಬೆಂಗಳೂರಿನ ಕಸ್ತೂರಬಾ ರಸ್ತೆಯ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿದೆ. ರಾಷ್ಟ್ರಕೂಟರ ಮೂರನೆಯ ಕೃಷ್ಣನೂ ಗಂಗರ ಬೂತುಗನೂ ತಕ್ಕೋಲದಲ್ಲಿ ಚೋಳರನ್ನು ಸೋಲಿಸಿದ ಸಂಗತಿಗಾಗಿ ಇತಿಹಾಸಕಾರರು ಈ ಕಲ್ಲನ್ನು ಓದುತ್ತಾರೆ. ಆದರೆ ಕಲ್ಲು ನಿಂತದ್ದು ಯುದ್ಧದ ನೆನಪಿಗಲ್ಲ, ಒಂದು ನಾಯಿಯ ನೆನಪಿಗೆ.

ಆ ಯುದ್ಧದಲ್ಲಿ ಹೋರಾಡಿದ ಮಣಲೇರ ಎಂಬ ವೀರ ಬಹುಮಾನವಾಗಿ ಕೇಳಿದ್ದು ಊರನ್ನಲ್ಲ, ಹೊನ್ನನ್ನಲ್ಲ, ಕಾಳಿ ಎಂಬ ನಾಯಿಯನ್ನು. ಬೆಳತೂರಿನ ಪಡುವಣದ ಗುಡ್ಡದಲ್ಲಿ ದೊಡ್ಡ ಹಂದಿಯೊಂದರ ಮೇಲೆ ಕಾಳಿಯನ್ನು ಬಿಟ್ಟಾಗ ಹಂದಿಯೂ ಸತ್ತಿತು, ಕಾಳಿಯೂ ಸತ್ತಿತು. ಆತಕೂರಿನ ದೇವಾಲಯದ ಮುಂದೆ ಅದರ ಹೆಸರಿನಲ್ಲಿ ಕಲ್ಲು ನೆಡಿಸಿ ಭೂಮಿಯನ್ನೂ ಬಿಟ್ಟರು. ಈ ಕಲ್ಲನ್ನು ಪೂಜಿಸದೆ ಉಂಡರೆ ಅಲ್ಲಿನ ಗೊರವನಿಗೆ ಪಾಪ ತಟ್ಟುತ್ತದೆ ಎಂದು ಶಾಸನ ಎಚ್ಚರಿಸುತ್ತದೆ. ಕಲ್ಲಿನ ಮೇಲೆ ನಾಯಿಯೂ ಹಂದಿಯೂ ಹೋರಾಡುವ ಚಿತ್ರವನ್ನು ಇಂದಿಗೂ ನೋಡಬಹುದು. ಜಯನಗರದಿಂದ ಹೆಚ್ಚು ದೂರವಿಲ್ಲ. ನಾಯಿ ಸಾಕಿದವರು ಒಂದು ಭಾನುವಾರ ಹೋಗಿಬರಲು ಯೋಗ್ಯವಾದ ಸ್ಥಳ.

ಮಲೆನಾಡಿನ ಮನೆಗಳಲ್ಲಂತೂ ನಾಯಿಗಳನ್ನು ಗುಂಪಾಗಿಯೇ ಸಾಕುತ್ತಿದ್ದರು. ಬೇಟೆಗೆ, ತೋಟದ ಕಾವಲಿಗೆ ಒಂದು ನಾಯಿ ಸಾಲುತ್ತಿರಲಿಲ್ಲ. ಕುವೆಂಪು ಅವರ ‘ಮಲೆಗಳಲ್ಲಿ ಮದುಮಗಳು’ (1967) ಓದಿದವರಿಗೆ ನಾಯಿಗುತ್ತಿಯ ಹುಲಿಯನನ್ನು ಮರೆಯಲಾಗದು. ಯಜಮಾನನಿಗೇ ನಾಯಿಯಿಂದ ಅಡ್ಡಹೆಸರು ಬಂದಿತ್ತು! ಪೂರ್ಣಚಂದ್ರ ತೇಜಸ್ವಿಯವರ ಓದುಗರಿಗೆ ‘ಕಿವಿ’ ಗೊತ್ತು. ಈ ನಾಯಿಗಳೆಲ್ಲ ಕಥೆಗಳಲ್ಲಿ ಪಾತ್ರಗಳಾದವು ನಿಜ. ಆದರೆ ಹಳೆಯ ಮನೆಗಳಲ್ಲಿ ಅವು ಬಹುಪಾಲು ಅಂಗಳದ ಜೀವಗಳು. ಹೊಸಿಲು ದಾಟುವಂತಿರಲಿಲ್ಲ. ಹೊಸ ಮರಿ ಬಂದರೆ ಅದಕ್ಕೊಂದು ಮೂಲೆ ತಾನಾಗಿ ಸಿಗುತ್ತಿತ್ತು. ಹಳೆಯದಕ್ಕೆ ಮರಿ ಬೇಡವೆನಿಸಿದರೆ ಎದ್ದು ಕೊಟ್ಟಿಗೆಯ ಹಿಂದಕ್ಕೋ ತೋಟಕ್ಕೋ ಹೋಗಬಹುದಿತ್ತು.

ಬಡಾವಣೆಗಳು ಬಂದ ಮೇಲೆ ತಪ್ಪಿಹೋದದ್ದು ಈ ಎದ್ದುಹೋಗುವ ಅವಕಾಶವೇ.

ಅಂಗಳ ಹೋಯಿತು, ನಾಯಿ ಒಳಗೆ ಬಂತು

ಜಯನಗರಕ್ಕೆ ಶಂಕುಸ್ಥಾಪನೆಯಾದದ್ದು 1948ರಲ್ಲಿ. ಆಗಿನ ಮನೆಗಳ ಸುತ್ತ ತೆಂಗು, ಮಾವು, ಹಿತ್ತಿಲಲ್ಲಿ ಬಟ್ಟೆ ಒಗೆಯುವ ಕಲ್ಲು. ನಾಯಿ ಗೇಟಿನ ಬಳಿ ಗೋಣಿಚೀಲದ ಮೇಲೆ. ‘ನಾಯಿ ಇದೆ ಎಚ್ಚರಿಕೆ’ ಎಂಬ ಫಲಕ ಅದರ ಹುದ್ದೆಯನ್ನು ಸಾರುತ್ತಿತ್ತು. ಮಡಿಯ ಮನೆಗಳಲ್ಲಿ ಅದಕ್ಕೆ ಪ್ರತ್ಯೇಕ ತಟ್ಟೆ, ಅದೂ ಹೊರಗೇ. ಊಟ ಮುಗಿದ ಮೇಲೆ ಉಳಿದ ಹುಳಿಯನ್ನ, ಮೊಸರನ್ನ.

ನಂತರದ ದಶಕಗಳಲ್ಲಿ ಮನೆಗಳು ಮೇಲಕ್ಕೆ ಬೆಳೆದವು. ಮೂವತ್ತು-ನಲವತ್ತರ ನಿವೇಶನದಲ್ಲಿ ಕೆಳಗೆ ಮಾಲೀಕರು, ಮೇಲೆ ಇಬ್ಬರು ಬಾಡಿಗೆದಾರರು, ಉಳಿದ ಜಾಗದಲ್ಲಿ ಕಾರು. ಬೈರಸಂದ್ರ, ತಾವರೆಕೆರೆ, ಮಡಿವಾಳ ಎಂಬ ಮೂರು ಹಳ್ಳಿಗಳ ಹೆಸರಿನ ಮೊದಲಕ್ಷರ ಸೇರಿಸಿಕೊಂಡ ಬಿ.ಟಿ.ಎಂ.ನಲ್ಲಿ ಅಪಾರ್ಟ್‌ಮೆಂಟುಗಳೆದ್ದವು. ಅಂಗಳವಿಲ್ಲವಾದ್ದರಿಂದ ನಾಯಿ ಮೊದಲು ಪೋರ್ಟಿಕೊಗೆ, ಅಲ್ಲಿಂದ ಹಾಲಿಗೆ, ಕೊನೆಗೆ ಮಕ್ಕಳ ಮಂಚಕ್ಕೆ ಬಡ್ತಿ ಪಡೆಯಿತು. ಒಂದು ಕಾಲಕ್ಕೆ ‘ನಾಯಿ ಒಳಗೆ ಬಂದರೆ ನಾನು ಹೊರಗೆ’ ಎನ್ನುತ್ತಿದ್ದ ಅಜ್ಜಿಯೇ ಈಗ ಮಧ್ಯಾಹ್ನ ಅದರ ಜತೆ ಟೀವಿ ನೋಡುವುದುಂಟು.

ಜಾಗ ಕಿರಿದಾದ ಮೇಲೆ ಲೆಕ್ಕ ಕೇಳುವವರೂ ಹುಟ್ಟಿಕೊಂಡರು. 2018ರಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆ ಸಾಕುನಾಯಿ ಪರವಾನಗಿಯ ಹೊಸ ನಿಯಮ ತಂದು, ಫ್ಲ್ಯಾಟಿಗೆ ಒಂದು, ಸ್ವತಂತ್ರ ಮನೆಗೆ ಮೂರು ಎಂದು ಮಿತಿ ಹಾಕಲು ಹೊರಟಿತ್ತು. ನಾಲ್ಕಿದ್ದವರು ಒಂದನ್ನು ಎಲ್ಲಿಗೆ ಕಳಿಸಬೇಕು ಎಂಬ ಪ್ರಶ್ನೆಗೆ ಉತ್ತರವಿರಲಿಲ್ಲ. ಗಲಾಟೆಯೆದ್ದು ನಿಯಮ ಕೆಲವೇ ದಿನಗಳಲ್ಲಿ ತಡೆಗೊಂಡಿತು. ಇನ್ನು ಅಪಾರ್ಟ್‌ಮೆಂಟ್ ಸಂಘಗಳು ಸಾಕುನಾಯಿಯನ್ನು ನಿಷೇಧಿಸುವಂತಿಲ್ಲ ಎಂದು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿ 2015ರಲ್ಲೇ ಸುತ್ತೋಲೆ ಹೊರಡಿಸಿತ್ತು. ಆದರೆ ಬಾಡಿಗೆ ಮನೆ ಹುಡುಕುವವರಿಗೆ ಸುತ್ತೋಲೆ ಏನು ಪ್ರಯೋಜನ? ‘ನಾಯಿ ಇದ್ದರೆ ಬೇಡ’ ಎಂಬ ಮಾತು ಫೋನಿನಲ್ಲೇ ಮುಗಿದುಹೋಗುತ್ತದೆ. ಮಹಾಭಾರತದಲ್ಲಿ ನಾಯಿಗೆ ಪ್ರವೇಶವಿಲ್ಲವೆಂದಾಗ ಧರ್ಮರಾಯ ಸ್ವರ್ಗವೇ ಬೇಡವೆಂದು ನಿಂತ. ಮೂರು ನಾಯಿಗಳ ಸಂಸಾರ ಕಟ್ಟಿಕೊಂಡು ಬನಶಂಕರಿಯಲ್ಲಿ ಎರಡು ಕೋಣೆಯ ಮನೆ ಹುಡುಕುವವರಿಗೆ ಆ ಪ್ರಸಂಗ ಚೆನ್ನಾಗಿ ಅರ್ಥವಾಗುತ್ತದೆ.

ಯಜಮಾನಿಕೆ ಯಾರದು?

ಇರಲಿ, ಮರಿಯ ವಿಷಯಕ್ಕೆ ಬರೋಣ.

ಹಲವು ನಾಯಿಗಳಿರುವ ಮನೆಯ ಬಗ್ಗೆ ಎಲ್ಲರೂ ಕೊಡುವ ಮೊದಲ ಸಲಹೆ ಒಂದೇ. ‘ಅವುಗಳಲ್ಲಿ ಒಂದು ಲೀಡರ್ ಇರುತ್ತೆ, ಮರಿಯನ್ನ ಅದಕ್ಕೆ ಒಪ್ಪಿಸಿಬಿಡಿ, ಅವೇ ಸರಿ ಮಾಡ್ಕೊಳ್ತವೆ.’ ಇದರ ಬೆನ್ನಿಗೇ ಎರಡನೆಯದು: ‘ಎಲ್ಲಕ್ಕಿಂತ ದೊಡ್ಡ ಲೀಡರ್ ನೀವೇ ಅಂತ ತೋರಿಸಿ.’ ಈ ಮಾತುಗಳ ಮೂಲ ಹುಡುಕಿಕೊಂಡು ಹೋದರೆ ಸ್ವಿಟ್ಜರ್ಲೆಂಡಿನ ಬಾಸೆಲ್ ಮೃಗಾಲಯದ ಬೇಲಿ ಸಿಗುತ್ತದೆ. ರುಡಾಲ್ಫ್ ಶೆಂಕೆಲ್ ಎಂಬ ವಿಜ್ಞಾನಿ ಅಲ್ಲಿ ಕೂಡಿಹಾಕಿದ್ದ ತೋಳಗಳನ್ನು ಗಮನಿಸಿ 1947ರಲ್ಲಿ ಬರೆದ ಪ್ರಬಂಧದಲ್ಲಿ, ತೋಳದ ಹಿಂಡಿನಲ್ಲಿ ಅಗ್ರಸ್ಥಾನಕ್ಕಾಗಿ ಸದಾ ಪೈಪೋಟಿ ನಡೆಯುತ್ತದೆ ಎಂದ. ಅಮೆರಿಕದ ಡೇವಿಡ್ ಮೆಕ್ 1970ರಲ್ಲಿ ಪ್ರಕಟಿಸಿದ ತೋಳದ ಕುರಿತ ಗ್ರಂಥದಿಂದ ಈ ವಿಚಾರ ಇನ್ನಷ್ಟು ಹರಡಿತು. ತೋಳದಿಂದ ಅದು ನಾಯಿಗೆ ಬಂತು, ನಾಯಿ ತರಬೇತುದಾರರ ಬಾಯಿಗೆ ಬಂತು.

ಆದರೆ ಅದೇ ಮೆಕ್ ಕಾಡಿನ ತೋಳಗಳನ್ನು ವರ್ಷಗಟ್ಟಲೆ ಹತ್ತಿರದಿಂದ ನೋಡಿದ ಬಳಿಕ 1999ರಲ್ಲಿ ತನ್ನ ಮಾತನ್ನು ತಾನೇ ತಿದ್ದಿಕೊಂಡ. ಎಲ್ಲೆಲ್ಲಿಂದಲೋ ತಂದು ಬೇಲಿಯೊಳಗೆ ಕೂಡಿದ ತೋಳಗಳು ಕಾದಾಡುತ್ತವೆ ನಿಜ. ಕಾಡಿನಲ್ಲಿ ಹಿಂಡು ಎಂದರೆ ಸಾಮಾನ್ಯವಾಗಿ ತಂದೆ, ತಾಯಿ, ಅವುಗಳ ಮಕ್ಕಳು. ಅಲ್ಲಿ ನಾಯಕತ್ವಕ್ಕೆ ಚುನಾವಣೆಯೂ ಇಲ್ಲ, ಯುದ್ಧವೂ ಇಲ್ಲ. ಹೆತ್ತವರು ಮುಂದೆ ನಡೆಯುತ್ತಾರೆ, ಮಕ್ಕಳು ಹಿಂಬಾಲಿಸುತ್ತವೆ.

ಒಂದು ತಮಾಷೆಯೆಂದರೆ, ಮೂರು ಕಡೆಯಿಂದ ಬಂದ ಮೂರು ನಾಯಿಗಳನ್ನು ಒಂದು ಹಾಲಿನಲ್ಲಿ ಇಟ್ಟುಕೊಂಡ ಮನೆ ಕಾಡಿಗಿಂತ ಆ ಮೃಗಾಲಯಕ್ಕೇ ಹತ್ತಿರ! ಸಂಬಂಧವಿಲ್ಲದವು, ಬಿಟ್ಟುಹೋಗಲು ದಾರಿಯಿಲ್ಲದವು. ಆದ್ದರಿಂದ ‘ಅವೇ ಸರಿ ಮಾಡಿಕೊಳ್ಳುತ್ತವೆ’ ಎಂದು ಕೈಬಿಡುವುದು ಅಪಾಯ. ಹಾಗೆಂದು ಒಂದು ನಾಯಿಗೆ ಪಟ್ಟ ಕಟ್ಟುವುದೂ ತಪ್ಪು. ಗಮನಿಸಿ ನೋಡಿದರೆ ಸೋಫಾದ ಮೂಲೆಯನ್ನು ಯಾರಿಗೂ ಬಿಡದ ನಾಯಿ ಊಟದ ತಟ್ಟೆಯನ್ನು ತಣ್ಣಗೆ ಬಿಟ್ಟುಕೊಡುತ್ತದೆ. ಚೆಂಡಿಗೆ ಜಗಳವಾಡುವುದು ಗೇಟಿನ ಬಳಿ ಹಿಂದೆ ಸರಿಯುತ್ತದೆ. ನಮ್ಮ ಹಳೆಯ ಅವಿಭಕ್ತ ಕುಟುಂಬದಂತೆ. ಅಡುಗೆಮನೆಯಲ್ಲಿ ದೊಡ್ಡಮ್ಮನ ಮಾತು, ಜಗಲಿಯಲ್ಲಿ ದೊಡ್ಡಪ್ಪನದು, ಕಪಾಟಿನ ಬೀಗದ ಕೈ ಮಾತ್ರ ಅಜ್ಜಿಯ ಸೊಂಟದಲ್ಲಿ. ಹೊಸ ಸೊಸೆ ಇದನ್ನೆಲ್ಲ ಒಂದೇ ದಿನದಲ್ಲಿ ಕಲಿಯುತ್ತಿರಲಿಲ್ಲ. ಮರಿಯೂ ಕಲಿಯುವುದಿಲ್ಲ.

ಕಲಿಸುವವು ಹಳೆಯ ನಾಯಿಗಳು. ಅವುಗಳ ಪಾಠಕ್ಕೆ ಮೆಟ್ಟಿಲುಗಳಿವೆ. ಮೊದಲು ಮುಖ ಬೇರೆಡೆ ತಿರುಗಿಸುವುದು. ಆಮೇಲೆ ಮೈ ಬಿಗಿಹಿಡಿದು ಅಲುಗಾಡದೆ ನಿಲ್ಲುವುದು. ತುಟಿ ಎತ್ತಿ ಹಲ್ಲು ತೋರಿಸುವುದು. ಗುರ್ ಎನ್ನುವುದು. ಅದಕ್ಕೂ ಜಗ್ಗದಿದ್ದರೆ ಗಾಳಿಯನ್ನೊಮ್ಮೆ ಕಚ್ಚುವುದು, ಅಂದರೆ ಮರಿಗೆ ತಾಗದಂತೆ ಬಾಯಿ ಹಾಕುವುದು. ಮರಿ ಕುಂಯ್ ಎಂದು ಹಿಂದೆ ಸರಿದರೆ ಪಾಠ ಮುಗಿಯಿತು.

ಬಹುತೇಕ ಮನೆಗಳಲ್ಲಿ ಎಡವಟ್ಟಾಗುವುದು ಇಲ್ಲೇ. ಹಿರಿಯ ನಾಯಿ ಗುರ್ ಎಂದ ಕೂಡಲೇ ಮನೆಯವರು ಅದನ್ನೇ ಗದರುತ್ತಾರೆ, ಮರಿಯನ್ನು ಎತ್ತಿ ಮುದ್ದಾಡುತ್ತಾರೆ. ಹಿರಿಯದು ಕಲಿಯುವ ಪಾಠ ಎರಡು. ಗುರ್ ಎಂದರೆ ಬೈಗುಳ ಸಿಗುತ್ತದೆ. ಈ ಮರಿ ಹತ್ತಿರ ಬಂದಾಗಲೆಲ್ಲ ತನಗೆ ಕೆಟ್ಟದ್ದೇ ಆಗುತ್ತದೆ. ಮುಂದಿನ ಬಾರಿ ಅದು ಗುರ್ ಎನ್ನುವ ಮೆಟ್ಟಿಲನ್ನು ಬಿಟ್ಟು ನೇರ ಕಚ್ಚಿದರೆ ‘ಇದ್ದಕ್ಕಿದ್ದಂತೆ ಕಚ್ಚಿತು’ ಎನ್ನುತ್ತಾರೆ. ಇದ್ದಕ್ಕಿದ್ದಂತೆ ಅಲ್ಲ. ಅದರ ಮಾತನ್ನು ಮನೆಯವರೇ ಕಟ್ಟಿಹಾಕಿದ್ದರು.

ಹಾಗಾದರೆ ಮಾಡಬೇಕಾದದ್ದೇನು? ಗುರ್ ಕೇಳಿದಾಗ ಯಾರನ್ನೂ ಗದರದೆ ಮರಿಯನ್ನು ಮೆಲ್ಲನೆ ಬೇರೆಡೆಗೆ ಕರೆದುಕೊಂಡು ಹೋಗುವುದು. ಮರಿಗೆ ಹತ್ತಲಾಗದ ಒಂದು ಎತ್ತರದ ಜಾಗವನ್ನೋ, ಕದ ಮುಚ್ಚಿದ ಒಂದು ಕೋಣೆಯನ್ನೋ ಹಿರಿಯದಕ್ಕೆ ಮೀಸಲಿಡುವುದು. ಹಳೆಯ ಮನೆಯ ಕೊಟ್ಟಿಗೆಯ ಹಿಂಬದಿ ಮಾಡುತ್ತಿದ್ದ ಕೆಲಸವನ್ನು ಈಗ ಒಂದು ದಿವಾನವೋ ಮಕ್ಕಳಿಗೆ ಹಾಕುವ ಅಡ್ಡಗೇಟೋ ಮಾಡಬೇಕು. ಕೀಲುನೋವಿರುವ ಮುದಿನಾಯಿಗೆ ಇದು ಸೌಕರ್ಯವಲ್ಲ, ಅಗತ್ಯ. ದಿನಕ್ಕೆ ಹತ್ತು ನಿಮಿಷ, ಮರಿಯಿಲ್ಲದೆ, ಹಳೆಯ ನಾಯಿಯೊಂದನ್ನೇ ಕರೆದುಕೊಂಡು ರಸ್ತೆಯ ತುದಿಯವರೆಗೆ ಹೋಗಿಬಂದರೂ ಸಾಕು, ಅದು ಮನೆಯಲ್ಲಿ ತಡೆದುಕೊಳ್ಳುವ ತಾಳ್ಮೆಯೇ ಬೇರೆ.

ಮೊದಲ ಭೇಟಿ, ಮತ್ತು ಒಂದು ಇಕ್ಕಟ್ಟು

ಹೊಸ ನಾಯಿಯನ್ನು ಹಳೆಯವುಗಳಿಗೆ ಅವುಗಳದಲ್ಲದ ಜಾಗದಲ್ಲಿ, ಪಾರ್ಕಿನಲ್ಲೋ ರಸ್ತೆಯಲ್ಲೋ, ಒಂದೊಂದಾಗಿ ಪರಿಚಯಿಸಬೇಕು ಎಂಬುದು ಪುಸ್ತಕದ ಮಾತು. ದೊಡ್ಡ ನಾಯಿಯಾದರೆ ಸರಿ. ಮರಿಗೆ ಈ ಮಾತು ಹೊಂದುವುದಿಲ್ಲ. ಕಾರಣ ಪಾರ್ವೊ.

1978ರ ಸುಮಾರಿಗೆ ಮೊದಲು ಗುರುತಿಸಲಾದ ಈ ವೈರಸ್ ಕೆಲವೇ ವರ್ಷಗಳಲ್ಲಿ ಜಗತ್ತನ್ನೆಲ್ಲ ಸುತ್ತಿತು. ಮರಿ ವಾಂತಿ ಮಾಡಿಕೊಳ್ಳುತ್ತದೆ, ರಕ್ತಭೇದಿಯಾಗುತ್ತದೆ, ಚಿಕಿತ್ಸೆ ಸಿಗದಿದ್ದರೆ ಎರಡು ಮೂರು ದಿನದಲ್ಲೇ ಹೋಗಿಬಿಡಬಹುದು. ರೋಗ ಬಂದ ನಾಯಿಯ ಮಲದಿಂದ ಮಣ್ಣಿಗೆ ಸೇರಿದ ವೈರಸ್ ತಿಂಗಳುಗಟ್ಟಲೆ ಅಲ್ಲೇ ಜೀವಂತವಾಗಿರುತ್ತದೆ. ಸೋಪು, ಫಿನಾಯಿಲ್‌ಗೆ ಜಗ್ಗುವುದಿಲ್ಲ, ಬ್ಲೀಚಿಂಗ್ ದ್ರಾವಣವೇ ಬೇಕು. ಹಿಂದೆ ಪಾರ್ವೊದಿಂದ ಮರಿ ಸತ್ತ ಮನೆಗೆ ಆತುರದಲ್ಲಿ ಇನ್ನೊಂದು ಮರಿ ತಂದು, ಅದನ್ನೂ ಕಳೆದುಕೊಂಡವರಿದ್ದಾರೆ. ಲಸಿಕೆ ಹಾಕಿಸಿಕೊಂಡ ದೊಡ್ಡ ನಾಯಿಗಳು ತಾವು ಕಾಯಿಲೆ ಬೀಳದಿದ್ದರೂ ಕಾಲಿನಲ್ಲಿ ಸೋಂಕನ್ನು ಹೊತ್ತು ತರಬಲ್ಲವು; ಮನೆಯವರ ಚಪ್ಪಲಿಯೂ ತರಬಲ್ಲದು.

ಲಸಿಕೆ ಇದೆ. ಆದರೆ ಒಂದೇ ಚುಚ್ಚಿಗೆ ಮುಗಿಯುವುದಿಲ್ಲ. ತಾಯಿಯ ಮೊದಲ ಹಾಲಿನಿಂದ ಬಂದ ರಕ್ಷಣೆ ಮರಿಯ ರಕ್ತದಲ್ಲಿ ಇರುವವರೆಗೂ ಅದು ಲಸಿಕೆಯನ್ನು ಕೆಲಸ ಮಾಡಗೊಡುವುದಿಲ್ಲ. ಆ ರಕ್ಷಣೆ ಒಂದು ಮರಿಯಲ್ಲಿ ಎಂಟನೆಯ ವಾರಕ್ಕೆ ಕರಗಿದರೆ ಇನ್ನೊಂದರಲ್ಲಿ ಹದಿನಾಲ್ಕನೆಯ ವಾರದವರೆಗೂ ಉಳಿಯಬಹುದು. ಯಾವಾಗ ಎಂದು ಹೊರಗಿನಿಂದ ಹೇಳಲಾಗದು. ಆದ್ದರಿಂದಲೇ ಆರರಿಂದ ಎಂಟನೆಯ ವಾರಕ್ಕೆ ಶುರುಮಾಡಿ, ಮೂರು ನಾಲ್ಕು ವಾರಕ್ಕೊಮ್ಮೆಯಂತೆ, ಹದಿನಾರು ವಾರವಾಗುವವರೆಗೆ ಚುಚ್ಚುಮದ್ದು ಕೊಡುವುದು. ‘ಡಾಕ್ಟರು ಸುಮ್ಮನೆ ಮತ್ತೆ ಮತ್ತೆ ಕರೆಯುತ್ತಾರೆ’ ಎಂದುಕೊಂಡು ಎರಡನೆಯದಕ್ಕೇ ನಿಲ್ಲಿಸುವವರು ಈ ಲೆಕ್ಕವನ್ನು ತಿಳಿಯಬೇಕು.

ಈಗ ಇಕ್ಕಟ್ಟು ನೋಡಿ. ಹದಿನಾರು ವಾರದವರೆಗೆ ಮರಿಯನ್ನು ನೆಲಕ್ಕೆ ಬಿಡದೆ ಮನೆಯೊಳಗೇ ಇಟ್ಟರೆ ಇನ್ನೊಂದು ನಷ್ಟವಿದೆ. ಅಮೆರಿಕದ ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಐದು ತಳಿಯ ನಾಯಿಗಳನ್ನು ಸಾಕಿ, ವರ್ಷಗಳ ಅಧ್ಯಯನದ ಫಲವನ್ನು 1965ರಲ್ಲಿ ಪುಸ್ತಕವಾಗಿ ಪ್ರಕಟಿಸಿದರು. ಸುಮಾರು ಮೂರನೆಯ ವಾರದಿಂದ ಹನ್ನೆರಡನೆಯ ವಾರದವರೆಗೆ ಮರಿಯ ಮನಸ್ಸಿಗೆ ಒಂದು ಬಾಗಿಲು ತೆರೆದಿರುತ್ತದೆ. ಆಗ ಕಂಡ ಮನುಷ್ಯರು, ನಾಯಿಗಳು, ಸದ್ದುಗಳು ಅದಕ್ಕೆ ಜೀವನಪೂರ್ತಿ ಸಹಜವೆನಿಸುತ್ತವೆ. ಬಾಗಿಲು ಮುಚ್ಚಿದ ಮೇಲೆ ಕಂಡದ್ದೆಲ್ಲ ಭಯ. ಅಂದರೆ ಲಸಿಕೆ ಮುಗಿಯುವ ಹೊತ್ತಿಗೆ ಬಾಗಿಲು ಮುಚ್ಚಿರುತ್ತದೆ!

ಇದಕ್ಕೆ ಪಶುವೈದ್ಯರು ಹೇಳುವ ಉಪಾಯ ಸರಳ. ಮರಿಯನ್ನು ಹೊತ್ತು ತಿರುಗಿ. ಜಯನಗರ 4ನೇ ಬ್ಲಾಕಿನ ಜನಜಂಗುಳಿ, ಬಸ್ಸಿನ ಹಾರನ್ನು, ಹೂವಿನವರ ಕೂಗು, ಹೆಲ್ಮೆಟ್ ತೊಟ್ಟ ಮುಖ, ಎಲ್ಲವನ್ನೂ ಅದು ತೋಳಿನಲ್ಲಿದ್ದೇ ನೋಡಲಿ, ಕೇಳಲಿ. ನೆಲಕ್ಕೆ ಮಾತ್ರ ಇಳಿಸಬೇಡಿ. ಹಳೆಯ ನಾಯಿಗಳ ಜತೆಗಿನ ಮೊದಲ ಭೇಟಿ ತೊಳೆದ ಪೋರ್ಟಿಕೊದಲ್ಲೋ ತಾರಸಿಯಲ್ಲೋ ಆಗಲಿ. ತಾರಸಿ ಬಹುತೇಕ ಮನೆಗಳಲ್ಲಿ ಯಾವ ನಾಯಿಗೂ ‘ನನ್ನದು’ ಎನಿಸುವ ಜಾಗವಲ್ಲ. ಎಲ್ಲವನ್ನೂ ಒಟ್ಟಿಗೆ ಬಿಡದೆ, ಎಲ್ಲಕ್ಕಿಂತ ಸಮಾಧಾನದ ಸ್ವಭಾವದ ನಾಯಿಯನ್ನು ಮೊದಲು ಕರೆತರಬೇಕು. ಹಗ್ಗ ಕೈಯಲ್ಲಿರಲಿ, ಆದರೆ ಸಡಿಲವಾಗಿರಲಿ. ಬಿಗಿದ ಹಗ್ಗ ನಾಯಿಗೆ ಗಾಬರಿಯ ಸೂಚನೆ. ಅದಕ್ಕೂ ಮುಂಚೆ, ಮರಿ ಮಲಗಿದ್ದ ಟವೆಲ್ಲನ್ನು ಹಳೆಯವುಗಳ ಬಳಿ ಇಟ್ಟರೆ ಅರ್ಧ ಪರಿಚಯ ಮೂಗಿನಲ್ಲೇ ಆಗಿಹೋಗುತ್ತದೆ. ನಾಯಿಯ ಲೋಕದಲ್ಲಿ ಮುಖಪರಿಚಯಕ್ಕಿಂತ ವಾಸನೆಯ ಪರಿಚಯ ದೊಡ್ಡದು.

ಒಂದೇ ದೋಣಿ ಬೇಡ

ಮೈಲಾರಲಿಂಗನ ಗೊರವರ ‘ದೋಣಿ ಸೇವೆ’ಯನ್ನು ಕಂಡವರುಂಟು. ದೇವರ ನಾಯಿಗಳಾಗಿ, ಬೊಗಳುತ್ತಾ, ಒಂದೇ ದೋಣಿಯ ಪ್ರಸಾದಕ್ಕೆ ಬಾಯಿ ಹಾಕುವ ಆಚರಣೆ ಅದು. ದತ್ತಾತ್ರೇಯನ ಪಟದಲ್ಲಿ ನಾಲ್ಕು ನಾಯಿಗಳು ನಾಲ್ಕು ವೇದಗಳಾಗಿ ಜಗಳವಿಲ್ಲದೆ ನಿಂತಿರುತ್ತವೆ. ಭಕ್ತಿಯಲ್ಲಿ ಇದು ನಡೆದೀತು, ಅಡುಗೆಮನೆಯ ಮುಂದೆ ನಡೆಯದು. ಹೊಸ ಮರಿ ಬಂದ ಮನೆಯ ಜಗಳಗಳಲ್ಲಿ ಬಹುಪಾಲು ಊಟದ ಹೊತ್ತಿನವೇ. ಒಂದೊಂದಕ್ಕೆ ಒಂದೊಂದು ತಟ್ಟೆ, ಒಂದೊಂದು ಮೂಲೆ, ಸಾಧ್ಯವಾದರೆ ನಡುವೆ ಗೋಡೆ. ತಿಂದು ಮುಗಿದ ತಕ್ಷಣ ತಟ್ಟೆ ಎತ್ತಿಡುವುದು. ಮೂಳೆ, ಅಗಿಯುವ ಆಟಿಕೆ ಮೊದಲ ತಿಂಗಳು ಎಲ್ಲರೆದುರು ಬೇಡವೇ ಬೇಡ.

ತಿನಿಸು ಕೊಡುವಾಗ ಹೆಸರು ಹಿಡಿದು ಕರೆದು ಕೊಡುವ ಮನೆಗಳಲ್ಲಿ ನೂಕುನುಗ್ಗಲು ಕಡಿಮೆ. ಟೈಗರ್‌ಗೆ ಒಂದು, ಕೆಂಚನಿಗೆ ಒಂದು, ರಾಣಿಗೆ ಒಂದು. ತನ್ನ ಸರದಿ ಬರುತ್ತದೆಂದು ಗೊತ್ತಾದ ಮೇಲೆ ನಾಯಿ ಕಾಯುತ್ತದೆ. ಮರಿ ಅವುಗಳನ್ನು ನೋಡಿ ಕಾಯುವುದನ್ನು ಕಲಿಯುತ್ತದೆ. ಮನೆಮಾತು ಕನ್ನಡವಾದರೂ ನಾಯಿಗೆ ಮಾತ್ರ ‘ಸಿಟ್’, ‘ಸ್ಟೇ’ ಎಂದೇ ಆಜ್ಞೆ ಮಾಡುವುದೇಕೋ ತಿಳಿಯದು. ‘ಕೂತ್ಕೋ’ ಎಂದರೂ ಅದು ಅಷ್ಟೇ ಚೆನ್ನಾಗಿ ಕೂರುತ್ತದೆ. ಮನೆಯವರೆಲ್ಲ ಒಂದೇ ಪದ ಬಳಸಬೇಕು, ಅಷ್ಟೇ.

ಕನ್ನಡದ ಅಡುಗೆಮನೆಯ ಒಂದು ಎಚ್ಚರಿಕೆಯನ್ನು ಹೇಳಲೇಬೇಕು. ಈರುಳ್ಳಿ, ಬೆಳ್ಳುಳ್ಳಿ ನಾಯಿಯ ಕೆಂಪು ರಕ್ತಕಣಗಳನ್ನು ಒಡೆಯುತ್ತವೆ. ಉಳಿದ ಈರುಳ್ಳಿ ಹುಳಿಯನ್ನ ದೊಡ್ಡ ನಾಯಿಗೆ ‘ಏನೂ ಆಗಲಿಲ್ಲ’ ಎನಿಸಿರಬಹುದು, ಎರಡು ಕಿಲೋ ತೂಕದ ಮರಿಗೆ ಅದೇ ಪ್ರಮಾಣ ಬಹಳ. ದ್ರಾಕ್ಷಿ, ಒಣದ್ರಾಕ್ಷಿ ಮೂತ್ರಪಿಂಡಕ್ಕೆ ಅಪಾಯ. ಹಬ್ಬದ ದಿನ ಪಾಯಸದ ಪಾತ್ರೆ ನೆಕ್ಕಿಸುವವರು ನೆನಪಿಡಬೇಕು. ಚಾಕೊಲೇಟೂ ಹಾಗೆಯೇ. ರಾಗಿ ಅಂಬಲಿ, ಮೊಸರನ್ನ, ಬೇಯಿಸಿದ ಮೊಟ್ಟೆ ಮರಿಗೆ ಒಗ್ಗುತ್ತವೆ. ಆದರೆ ಬೆಳೆಯುವ ಮರಿಗೆ ಬರೀ ಮೊಸರನ್ನ ಸಾಲದು.

ಒಂದಕ್ಕೆ ಬಂದದ್ದು ಎಲ್ಲಕ್ಕೂ ಎಂಬುದು ಹಲವು ನಾಯಿಗಳ ಮನೆಯ ಇನ್ನೊಂದು ಕಷ್ಟ. ಜಂತುಹುಳು, ಉಣುಗು, ಚಿಗಟ ಹೊಸಿಲು ನೋಡುವುದಿಲ್ಲ. ಮರಿಗೆ ಔಷಧಿ ಹಾಕಿ ಉಳಿದವನ್ನು ಬಿಟ್ಟರೆ ಔಷಧಿ ದಂಡ.

ಮರಿ ಎಲ್ಲಿಂದ?

ಒಂದು ಕಾಲದಲ್ಲಿ ಬಿಳಿ ಪೊಮೆರೇನಿಯನ್ ಇಲ್ಲದ ಬೀದಿ ಇರಲಿಲ್ಲ. 2003ರ ಮೊಬೈಲ್ ಫೋನ್ ಜಾಹೀರಾತಿನಿಂದ ಪಗ್ ಬಂತು. 2022ರಲ್ಲಿ ತೆರೆಕಂಡ ಕಿರಣ್‌ರಾಜ್ ನಿರ್ದೇಶನದ ‘777 ಚಾರ್ಲಿ’ಯ ನಂತರ ಲ್ಯಾಬ್ರಡಾರ್ ಕೇಳುವ ಮಕ್ಕಳು ಹೆಚ್ಚಿದರೆ ಆಶ್ಚರ್ಯವಿಲ್ಲ. ಆ ಚಿತ್ರ ಎತ್ತಿದ್ದು ಮಾತ್ರ ತಳಿ ಸಾಕಣೆಯ ಕ್ರೌರ್ಯದ ಪ್ರಶ್ನೆಯನ್ನು! ಎಂಟು ವಾರ ತುಂಬದ ಮರಿಯನ್ನು ಮಾರುವಂತಿಲ್ಲ ಎಂದು 2017ರ ನಾಯಿ ಸಂತಾನೋತ್ಪತ್ತಿ ಮತ್ತು ಮಾರಾಟ ನಿಯಮಗಳು ಹೇಳುತ್ತವೆ. ಇದು ಬರೀ ಕಾನೂನಿನ ಮಾತಲ್ಲ. ಒಡಹುಟ್ಟಿದವುಗಳ ಜತೆ ಕಚ್ಚಾಡುತ್ತಲೇ ಮರಿ ‘ಎಷ್ಟು ಕಚ್ಚಿದರೆ ನೋವಾಗುತ್ತದೆ’ ಎಂಬುದನ್ನು ಕಲಿಯುವುದು. ಐದನೆಯ ವಾರಕ್ಕೇ ತಂದ ಮರಿಗೆ ಆ ಪಾಠ ಆಗಿರುವುದಿಲ್ಲ. ಆ ಹೊರೆ ಮನೆಯ ಹಳೆಯ ನಾಯಿಯ ಮೇಲೆ ಬೀಳುತ್ತದೆ.

ಬೀದಿಯ ಮರಿಗಳ ಲೆಕ್ಕ ಬೇರೆ. ಕೋಲ್ಕತ್ತ ಸಮೀಪದ ಐಸರ್ ಸಂಸ್ಥೆಯ ಅನಿಂದಿತಾ ಭದ್ರ ಅವರ ತಂಡ 95 ಸೂಲುಗಳ 364 ಬೀದಿಮರಿಗಳನ್ನು ಹಿಂಬಾಲಿಸಿ 2016ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಏಳು ತಿಂಗಳ ವಯಸ್ಸು ಮುಟ್ಟಿದವು ನೂರಕ್ಕೆ ಸುಮಾರು 19 ಮಾತ್ರ. ಸಾವುಗಳಲ್ಲಿ ಶೇ 63ರಷ್ಟಕ್ಕೆ ಮನುಷ್ಯನೇ ಒಂದಲ್ಲ ಒಂದು ರೀತಿ ಕಾರಣ. ಬೆಂಗಳೂರಿನಲ್ಲಿ ಪಾಲಿಕೆಯ ಗಣತಿಯಂತೆ 2019ರಲ್ಲಿ ಸುಮಾರು 3.10 ಲಕ್ಷ ಇದ್ದ ಬೀದಿನಾಯಿಗಳು 2023ರಲ್ಲಿ 2.79 ಲಕ್ಷಕ್ಕೆ ಇಳಿದಿದ್ದವು. ಸಂತಾನಹರಣ ಶಸ್ತ್ರಚಿಕಿತ್ಸೆ ಇಲ್ಲಿ ದಶಕಗಳಿಂದ ನಡೆದಿದೆ. ಇಂಗ್ಲೆಂಡಿನಿಂದ ಬಂದು ದೆಹಲಿ, ಜೈಪುರಗಳಲ್ಲಿ ಪ್ರಾಣಿಗಳಿಗಾಗಿ ದುಡಿದ ಕ್ರಿಸ್ಟಲ್ ರೋಜರ್ಸ್ ತಮ್ಮ ಇಳಿವಯಸ್ಸಿನಲ್ಲಿ, 1991ರಲ್ಲಿ, ಬೆಂಗಳೂರಿನಲ್ಲಿ ‘ಕ್ಯೂಪಾ’ ಸಂಸ್ಥೆಯನ್ನು ಹುಟ್ಟುಹಾಕಿದರು. ಇಂದು ಬೀದಿಮರಿಗಳಿಗೆ ಮನೆ ಹುಡುಕುವ ಇಂತಹ ಸಂಸ್ಥೆಗಳೂ ತರುಣ ತರುಣಿಯರ ಗುಂಪುಗಳೂ ನಗರದಲ್ಲಿ ಹಲವಿವೆ.

ಬೀದಿಯಿಂದ ತಂದ ಮರಿಯನ್ನು ಅದೇ ಸಂಜೆ ಹಳೆಯವುಗಳ ನಡುವೆ ಬಿಡಬಾರದು. ಎರಡು ವಾರ ಪ್ರತ್ಯೇಕ ಕೋಣೆ, ಪ್ರತ್ಯೇಕ ತಟ್ಟೆ, ಪ್ರತ್ಯೇಕ ಚಪ್ಪಲಿ. ಅದು ಕಠೋರವೆನಿಸಬಹುದು. ಮರಿಯ ಮೈಯಲ್ಲಿ ಏನು ಕುಳಿತಿದೆಯೋ ಹೊರಬೀಳಲು ಅಷ್ಟು ಸಮಯ ಬೇಕು.

ರೇಬಿಸ್ ಬಗ್ಗೆ ಎರಡು ಮಾತು. ಹೊಕ್ಕಳ ಸುತ್ತ ಹದಿನಾಲ್ಕು ಚುಚ್ಚು ಎಂಬ ಹಳೆಯ ಭಯ ಇನ್ನೂ ಹಿರಿಯರ ಬಾಯಲ್ಲಿದೆ. ಕುರಿಯ ಮಿದುಳಿನಿಂದ ತಯಾರಿಸುತ್ತಿದ್ದ ಆ ಲಸಿಕೆಯನ್ನು ಭಾರತ 2004ರ ಕೊನೆಗೇ ನಿಲ್ಲಿಸಿತು. ಈಗಿನ ಚುಚ್ಚುಮದ್ದು ತೋಳಿಗೆ. ಬನಶಂಕರಿ ಎರಡನೇ ಹಂತದ ಕಿಮ್ಸ್ ವೈದ್ಯಕೀಯ ಕಾಲೇಜಿನ ತಜ್ಞರು ಮುಂದೆ ನಿಂತು ನಡೆಸಿದ ರಾಷ್ಟ್ರೀಯ ಸಮೀಕ್ಷೆ 2003ರ ಸುಮಾರಿಗೆ ದೇಶದಲ್ಲಿ ವರ್ಷಕ್ಕೆ 20 ಸಾವಿರ ಜನ ರೇಬಿಸ್‌ಗೆ ಬಲಿಯಾಗುತ್ತಾರೆಂದು ಅಂದಾಜಿಸಿತ್ತು. 2025ರ ಆರಂಭದಲ್ಲಿ ಪ್ರಕಟವಾದ ಹೊಸ ಅಂದಾಜು 5,726. ಇಳಿದಿದೆ, ನಿಂತಿಲ್ಲ. ಮರಿಗೆ ಮೂರು ತಿಂಗಳಾದಾಗ ರೇಬಿಸ್ ಲಸಿಕೆ ಹಾಕಿಸಿ, ಆಮೇಲೆ ತಪ್ಪದೆ ಮುಂದುವರಿಸಬೇಕು. ಅದಕ್ಕೆ ಮುನ್ನವೂ ಆಟದಲ್ಲಿ ಅದರ ಸೂಜಿಹಲ್ಲು ಮಕ್ಕಳ ಕೈಗೆ ತಾಗುವುದುಂಟು. ಬೀದಿಯಿಂದ ಬಂದ ಮರಿಯಾದರೆ ಗಾಯವನ್ನು ಸೋಪು ಹಾಕಿ ಹರಿಯುವ ನೀರಿನಲ್ಲಿ ಹದಿನೈದು ನಿಮಿಷ ತೊಳೆದು ವೈದ್ಯರ ಬಳಿ ಹೋಗಲೇಬೇಕು. ‘ಚಿಕ್ಕ ಮರಿ ತಾನೇ’ ಎಂಬ ಉದಾಸೀನ ಸಲ್ಲದು.

ರಾತ್ರಿಯ ಹೊತ್ತು

ಮೊದಲ ಮೂರು ರಾತ್ರಿ ಮರಿ ಅಳುತ್ತದೆ. ಅದು ಅತ್ತರೆ ಮನೆಯ ನಾಯಿ ಬೊಗಳುತ್ತದೆ, ಅದು ಬೊಗಳಿದರೆ ಬೀದಿಯವು ಉತ್ತರಿಸುತ್ತವೆ, ಎದುರುಮನೆಯ ದೀಪ ಹತ್ತುತ್ತದೆ. ಮಾರನೆಯ ಬೆಳಿಗ್ಗೆ ಹಾಲು ತರಲು ಹೋದಾಗ ಎದುರುಮನೆಯವರು ‘ಹೊಸದಾ?’ ಎಂದು ಕೇಳುವ ಧಾಟಿಯಲ್ಲೇ ಎಲ್ಲವೂ ಇರುತ್ತದೆ. ಮರಿ ಬರುವ ಮುನ್ನವೇ ಪಕ್ಕದವರಿಗೆ ಒಂದು ಮಾತು ಹೇಳಿದ್ದರೆ ಈ ಧಾಟಿ ಬೇರೆಯಾಗುತ್ತಿತ್ತು. ಅಳುವ ಮರಿಯನ್ನು ‘ಅಭ್ಯಾಸವಾಗಲಿ’ ಎಂದು ಕತ್ತಲ ಅಡುಗೆಮನೆಯಲ್ಲಿ ಒಂಟಿಯಾಗಿ ಬಿಡುವ ಹಳೆಯ ಪದ್ಧತಿಗಿಂತ, ಮಂಚದ ಪಕ್ಕ ಪೆಟ್ಟಿಗೆಯಿಟ್ಟು ಕೈ ಇಳಿಬಿಟ್ಟು ಮಲಗುವುದು ಮೇಲು. ಕಳೆದ ವಾರದವರೆಗೂ ಅದು ಐದಾರು ಮರಿಗಳ ರಾಶಿಯಲ್ಲಿ ಮಲಗುತ್ತಿತ್ತು.

ಹಳೆಯವು ಮರಿಯನ್ನು ಒಪ್ಪಿಕೊಳ್ಳಲು ಎಷ್ಟು ದಿನ ಬೇಕು? ಕೆಲವಕ್ಕೆ ಒಂದು ಗಂಟೆ. ಕೆಲವಕ್ಕೆ ಎರಡು ತಿಂಗಳು. ಕೆಲವು ಕೊನೆಯವರೆಗೂ ಸ್ನೇಹ ಮಾಡದೆ, ಜಗಳವನ್ನೂ ಆಡದೆ, ಒಂದೇ ಸೂರಿನಡಿ ಬಾಳಿಬಿಡುತ್ತವೆ. ಅದೂ ಸರಿಯೇ. ನಾಲ್ಕು ನಾಯಿಗಳು ಒಂದರ ಮೇಲೊಂದು ತಲೆಯಿಟ್ಟು ಮಲಗಿದ ಫೋಟೊ ಸಿಗಲೇಬೇಕೆಂಬ ನಿಯಮವಿಲ್ಲ.

ಜೆ.ಪಿ. ನಗರದಂತಹ ಆ ಮನೆಗಳಲ್ಲಿ ಮೂರನೆಯ ವಾರದ ಹೊತ್ತಿಗೆ ಸಾಮಾನ್ಯವಾಗಿ ಕಾಣುವುದು ಇಷ್ಟು. ಮಧ್ಯಾಹ್ನ ಎರಡು ಗಂಟೆ. ಮರಿ ಆಡಿ ಆಡಿ ದಣಿದು, ತೂಗಾಡುತ್ತಾ ಬಂದು, ಹಿರಿಯ ನಾಯಿಯ ಬಾಲದ ಮೇಲೆ ತಲೆಯಿಟ್ಟು ನಿದ್ದೆ ಹೋಗುತ್ತದೆ. ಹಿರಿಯದು ಕಣ್ಣು ತೆರೆದು ನೋಡುತ್ತದೆ. ಬಾಲವನ್ನು ಮೆಲ್ಲನೆ ಎಳೆದುಕೊಳ್ಳುತ್ತದೆ. ಎದ್ದು ಎರಡು ಅಡಿ ಆಚೆ ಹೋಗಿ, ಸುತ್ತು ಹಾಕಿ, ಮತ್ತೆ ಮಲಗುತ್ತದೆ. ಈ ಸಲ ಸೋಫಾದ ಹಿಂದಲ್ಲ, ಮುಂದೆ.